ಮರೆತಾಳು, ಮರೆಯೆ: ತಾಯಿಯಂಥ ದೇವರನ್ನು ಹುಡುಕುವವರು ಯಾವ ಕನ್ನಡ ಬೈಬಲ್ ಕೊಳ್ಳಬೇಕು?

ಕನ್ನಡ ಬೈಬಲ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ತೆರೆದು ನೋಡಬೇಕಾದ ಪುಟ ಯೆಶಾಯನ ಗ್ರಂಥದ 49ನೆಯ ಅಧ್ಯಾಯ, 15ನೆಯ ವಚನ. ಹಳೆಯ ಅನುವಾದದಲ್ಲಿ ಅದು ಹೀಗಿದೆ: “ಒಬ್ಬ ಹೆಂಗಸು ತಾನು ಹೆತ್ತ ಮಗುವನ್ನು ಕರುಣಿಸದೆ ತನ್ನ ಮೊಲೆಕೂಸನ್ನು ಮರೆತಾಳೇ? ಒಂದು ವೇಳೆ ಮರೆತಾಳು, ನಾನಾದರೆ ನಿನ್ನನ್ನು ಮರೆಯೆ.” ದೇವರ ಪ್ರೀತಿ ಹೆತ್ತವಳ ಪ್ರೀತಿಯಂಥದು, ಅದಕ್ಕಿಂತಲೂ ಗಟ್ಟಿಯಾದದ್ದು ಎಂಬ ಮಾತು ಬೈಬಲಿನಲ್ಲಿ ಇಷ್ಟು ನೇರವಾಗಿ ಬರುವ ಜಾಗಗಳು ಕಡಿಮೆ. ಆ ಪ್ರೀತಿಯ ಮೇಲೆ ಭಾರ ಹಾಕಿ ಬದುಕಬೇಕೆನ್ನುವವರಿಗೆ ಕೈಯಲ್ಲಿರುವ ಪುಸ್ತಕ ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಅಡ್ಡ ಬರುತ್ತದೆ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಈ ವಿಮರ್ಶೆ.

ಮೊದಲು ಪುಸ್ತಕಗಳ ಗುರುತು. ಭಾರತೀಯ ಸತ್ಯವೇದ ಸಂಘ ಪ್ರಕಟಿಸುವ ಕನ್ನಡ ಬೈಬಲ್‌ಗಳಲ್ಲಿ ಮುಖ್ಯವಾದವು ಎರಡು. ಒಂದು ಹಳೆಯದು, ಜೆ.ವಿ. ಎಂಬ ಎರಡಕ್ಷರದಿಂದ ಗುರುತಿಸುವುದು. ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐಯ ಚರ್ಚುಗಳಲ್ಲೂ ಬಹುಪಾಲು ಪ್ರೊಟೆಸ್ಟೆಂಟ್ ಮನೆಗಳಲ್ಲೂ ಇರುವುದು ಇದೇ. ಇದರ ಬೇರು 19ನೆಯ ಶತಮಾನದ ಮೊದಲರ್ಧದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಶುರುಮಾಡಿದ ಕೆಲಸದಲ್ಲಿದೆ. ಆಮೇಲೆ ಹಲವು ಕೈಗಳು ಅದನ್ನು ತಿದ್ದಿವೆ. ಇನ್ನೊಂದು ಸಿ.ಎಲ್., ಅಂದರೆ ಎಲ್ಲ ಸಭೆಗಳಿಗೂ ಸಲ್ಲುವಂತೆ ಸಾಮಾನ್ಯ ಭಾಷೆಯಲ್ಲಿ ಮಾಡಿದ ಅನುವಾದ. ಕಥೋಲಿಕ ಪೂಜೆಯಲ್ಲಿ ಕಿವಿಗೆ ಬೀಳುವ ಕನ್ನಡ ಇದರದು. ಹೊದಿಕೆ ನೋಡಿ ಮೋಸಹೋಗಬೇಡಿ, ಎರಡಕ್ಕೂ ಒಂದೇ ಬಗೆಯ ಕಪ್ಪು ರಟ್ಟು ಇರಬಹುದು. ಒಳಪುಟದಲ್ಲಿ ಆ ಎರಡಕ್ಷರ ಹುಡುಕಿ. ಸಿಗದಿದ್ದರೆ 23ನೆಯ ಕೀರ್ತನೆ ತೆರೆಯಿರಿ: ‘ಯೆಹೋವನು’ ಎಂದಿದ್ದರೆ ಜೆ.ವಿ., ‘ಪ್ರಭು’ ಎಂದಿದ್ದರೆ ಸಿ.ಎಲ್. ಸಿ.ಎಲ್. ಕೊಳ್ಳುವವರು ಪರಿವಿಡಿಯಲ್ಲಿ ಗ್ರಂಥಗಳನ್ನು ಎಣಿಸಿಕೊಳ್ಳಿ. 66 ಇದ್ದರೆ ಪ್ರೊಟೆಸ್ಟೆಂಟ್ ಪಟ್ಟಿ, 73 ಇದ್ದರೆ ಕಥೋಲಿಕ ಪಟ್ಟಿ. ಸಾಧ್ಯವಾದರೆ 73 ಇರುವುದನ್ನೇ ಕೊಳ್ಳಿ. ಏಕೆ ಎಂಬುದು ಮುಂದೆ ಬರುತ್ತದೆ.

ಈಗ ನಿಜವಾದ ವ್ಯತ್ಯಾಸಕ್ಕೆ ಬರೋಣ. ಅದು ಕಠಿಣ ಪದ, ಸುಲಭ ಪದ ಎಂಬ ವ್ಯತ್ಯಾಸ ಅಲ್ಲ. ‘ನೀನು’ ಮತ್ತು ‘ನೀವು’.

ಯೇಸು ಕಲಿಸಿದ ಪ್ರಾರ್ಥನೆಯನ್ನು ಸಿಎಸ್‌ಐ ಮನೆಯ ಮಗು “ನಿನ್ನ ರಾಜ್ಯವು ಬರಲಿ” ಎಂದು ಬಾಯಿಪಾಠ ಮಾಡುತ್ತದೆ. ಪಕ್ಕದ ಕಥೋಲಿಕ ಮನೆಯ ಮಗು “ನಿಮ್ಮ ರಾಜ್ಯ ಬರಲಿ” ಎನ್ನುತ್ತದೆ. ಕನ್ನಡದ ಬಹಳಷ್ಟು ಮನೆಗಳಲ್ಲಿ ಮಕ್ಕಳು ಅಪ್ಪನಿಗೆ ‘ನೀವು’ ಎನ್ನುತ್ತಾರೆ, ಅಮ್ಮನಿಗೆ ‘ನೀನು’. ಅಮ್ಮನಿಗೆ ಗೌರವ ಕಡಿಮೆ ಎಂದಲ್ಲ, ಅವಳಲ್ಲಿಗೆ ಹೋಗಲು ಹೊಸ್ತಿಲಿಲ್ಲ ಎಂದು. ವಚನಕಾರರೂ ದಾಸರೂ ತಮ್ಮ ದೇವರನ್ನು ‘ನೀನು’ ಎಂದೇ ಕರೆದರು. ಆದ್ದರಿಂದ ಜೆ.ವಿ.ಯ ಏಕವಚನ ಕನ್ನಡ ಕಿವಿಗೆ ಒರಟಾಗಿ ಕೇಳುವುದಿಲ್ಲ. ಅದು ಸೆರಗು ಹಿಡಿದು ಎಳೆಯುವ ಸಲುಗೆ. ಪ್ರಾರ್ಥನೆಗೆ ಬಾಯಿ ಬಾರದ ಹೊತ್ತಿನಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ, ‘ನೀವು’ ಎಂದು ಶುರುಮಾಡಿದ ವಾಕ್ಯ ಅರ್ಜಿಯ ಹಾಗೆ ಮುಗಿಯುವ ಅಪಾಯವಿದೆ. ‘ನೀನು’ ಎಂದು ಶುರುವಾದದ್ದು ಅಳುವಾಗಲು ಹಿಂಜರಿಯುವುದಿಲ್ಲ. ಸಿ.ಎಲ್. ಅನುವಾದಕರಿಗೂ ಇದು ಗೊತ್ತಿದ್ದಿರಬೇಕು: ಕೀರ್ತನೆಗಳಿಗೆ ಬಂದಾಗ ಅವರೂ ಪದ್ಯದ ಲಯ ಹಿಡಿದು ‘ಪ್ರಭು, ನೀನು’ ಎನ್ನುತ್ತಾರೆ.

ದೇವರೊಡನೆ ಮಾತಾಡುವಾಗ ಜೆ.ವಿ. ಗೆಲ್ಲುತ್ತದೆ, ಸರಿ. ದೇವರ ಬಗ್ಗೆ ಮಾತಾಡುವಾಗ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಯೋಹಾನ 3:16ನ್ನು ಜೆ.ವಿ.ಯಲ್ಲಿ ನೋಡಿ: “ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು ತನ್ನ ಒಬ್ಬನೇ ಮಗನನ್ನು ಕೊಟ್ಟನು.” ಕರ್ತೃಪದ ‘ದೇವರು’, ಅದರಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ಕ್ರಿಯಾಪದ ‘ಕೊಟ್ಟನು’, ಗಂಡು. ಮುಂದೆಲ್ಲ ‘ಆತನು’. ಮೂಲ ಭಾಷೆಗಳಾದ ಹೀಬ್ರೂ, ಗ್ರೀಕ್ ಎರಡರಲ್ಲೂ ಪುಲ್ಲಿಂಗವೇ ಇರುವುದರಿಂದ ಇದು ತಪ್ಪಲ್ಲ. ಆದರೆ ಸಿ.ಎಲ್. ಗೌರವಸೂಚಕ ಬಹುವಚನ ಹಿಡಿದು ‘ಪ್ರೀತಿಸಿದರು’ ಎನ್ನುತ್ತದೆ. ಕನ್ನಡದ ‘ಅರು’ ಪ್ರತ್ಯಯ ಅಜ್ಜನಿಗೂ ಸಲ್ಲುತ್ತದೆ, ಅಜ್ಜಿಗೂ ಸಲ್ಲುತ್ತದೆ. ಗೌರವಕ್ಕೆಂದು ಹಾಕಿದ ಪ್ರತ್ಯಯ, ತಾಯಿಯ ಹೋಲಿಕೆಗೆ ಜಾಗವನ್ನೂ ಬಿಟ್ಟುಕೊಟ್ಟಿದೆ. ಇಂಗ್ಲಿಷ್ ಓದುಗರು ದಶಕಗಳಿಂದ ಸರ್ವನಾಮಕ್ಕಾಗಿ ಜಗಳವಾಡುತ್ತಿರುವಾಗ ಕನ್ನಡಕ್ಕೆ ಈ ದಾರಿ ಮನೆಮಾತಿನಲ್ಲೇ ಸಿಕ್ಕಿತು.

ಆದ್ದರಿಂದ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಪ್ರಾರ್ಥನೆಗೆ ಜೆ.ವಿ., ಅರ್ಥಕ್ಕೆ ಸಿ.ಎಲ್., ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಒಂದನ್ನೇ ಕೊಳ್ಳುವ ಹಾಗಿದ್ದರೆ ಜೆ.ವಿ.ಯ ದೊಡ್ಡಕ್ಷರದ ಪ್ರತಿ ಕೊಂಡು, ಸಿ.ಎಲ್. ಅನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಜೆ.ವಿ. ಓದುವ ಹೊಸ ತಲೆಮಾರಿಗೆ ಒಂದು ದೊಡ್ಡ ಎಡವುಗಲ್ಲು ಇದೆ: ಹಳೆಯ ಕನ್ನಡದ ನಿಷೇಧ ರೂಪ. “ಯೆಹೋವನು ನನಗೆ ಕುರುಬನು, ಕೊರತೆಪಡೆನು” ಎಂಬುದನ್ನು ‘ಕೊರತೆ ಪಡುವೆನು’ ಎಂದು ತಿರುಗುಮುರುಗಾಗಿ ಅರ್ಥ ಮಾಡಿಕೊಳ್ಳುವವರಿದ್ದಾರೆ. ‘ಪಡೆನು’ ಅಂದರೆ ಪಡುವುದಿಲ್ಲ. ‘ಮರೆಯೆ’ ಅಂದರೆ ಮರೆಯುವುದಿಲ್ಲ. ‘ಒಲ್ಲೆ’ ಎಂಬ ಮಾತು ಇನ್ನೂ ಬಾಯಲ್ಲಿರುವ ಧಾರವಾಡ, ಬೆಳಗಾವಿ ಕಡೆಯವರಿಗೆ ಇದು ತೊಡಕಲ್ಲ. ಬೆಂಗಳೂರಿನ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ತೊಡಕು. ‘ಮರೆತಾಳು’ ಇನ್ನೂ ಸೂಕ್ಷ್ಮ. ಅದು ‘ಮರೆತಳು’ ಅಲ್ಲ. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕಲಿಸುವ ರೂಪ ಅದು: ಮರೆತರೂ ಮರೆಯಬಹುದು. ತಾಯಿಯ ಕಡೆಗೆ ಸಂದೇಹದ ಕ್ರಿಯಾಪದ, ದೇವರ ಕಡೆಗೆ ಖಡಾಖಂಡಿತ ನಿಷೇಧದ ಕ್ರಿಯಾಪದ. ಒಂದೇ ಧಾತು, ಎರಡು ರೂಪ, ಇಡೀ ವಚನದ ನಂಬಿಕೆ ಆ ಎರಡರ ನಡುವಿನ ಅಂತರದಲ್ಲಿ ನಿಂತಿದೆ. ಇಷ್ಟನ್ನು ಇಷ್ಟು ಕಡಿಮೆ ಅಕ್ಷರದಲ್ಲಿ ಹೇಳಿದ ಅನುವಾದಕರಿಗೆ ಕೈಮುಗಿಯಬೇಕು. ಮಕ್ಕಳಿಗೆ ಕೊಡುವ ಪ್ರತಿಯಲ್ಲಿ ಅಂಚಿನಲ್ಲಿ ಪೆನ್ಸಿಲಿನಿಂದ ‘ಮರೆಯುವುದಿಲ್ಲ’, ‘ಕೊರತೆ ಪಡುವುದಿಲ್ಲ’ ಎಂದು ಬರೆದುಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಇನ್ನು ಪದಪರೀಕ್ಷೆ. ದೇವರ ಸಾಕುವ, ಸೇರಿಸಿಕೊಳ್ಳುವ ಪ್ರೀತಿ ಯಾವ ಪದಗಳಲ್ಲಿ ಅಡಗಿದೆಯೋ ಅವು ಅನುವಾದದಲ್ಲಿ ಉಳಿದಿವೆಯೇ?

ಬೈಬಲಿನ ಎರಡನೆಯ ವಾಕ್ಯದಲ್ಲೇ ಒಂದು ನಷ್ಟವಿದೆ. ಆದಿಕಾಂಡ 1:2ರಲ್ಲಿ ದೇವರಾತ್ಮ ನೀರಿನ ಮೇಲೆ ‘ಚಲಿಸುತ್ತಿತ್ತು’ ಎಂದು ಜೆ.ವಿ. ಹೇಳುತ್ತದೆ. ಚಲಿಸುವುದು ಬಸ್ಸೂ ಮಾಡುತ್ತದೆ. ಹೀಬ್ರೂವಿನಲ್ಲಿರುವ ಕ್ರಿಯಾಪದವೇ ಮತ್ತೆ ಧರ್ಮೋಪದೇಶಕಾಂಡ 32:11ರಲ್ಲಿ ಬರುತ್ತದೆ. ಅಲ್ಲಿ ಹದ್ದು ತನ್ನ ಮರಿಗಳ ಮೇಲೆ ರೆಕ್ಕೆಯಾಡಿಸುತ್ತ ಸುಳಿಯುತ್ತದೆ. ಆ ಎರಡು ವಚನಗಳನ್ನು ಜೋಡಿಸಿ ಓದಿದರೆ ಸೃಷ್ಟಿಯ ಮೊದಲ ಚಿತ್ರವೇ ಗೂಡಿನ ಮೇಲಿನ ಹಕ್ಕಿ. ಹೀಬ್ರೂವಿನಲ್ಲಿ ಆತ್ಮ ಎಂಬ ಪದ ಸ್ತ್ರೀಲಿಂಗ ಎಂಬುದನ್ನೂ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಹಾಗೆಂದು ವ್ಯಾಕರಣದ ಲಿಂಗದ ಮೇಲೆ ದೊಡ್ಡ ಮನೆ ಕಟ್ಟಬಾರದು. ಅದೇ ಆತ್ಮ ಗ್ರೀಕಿನಲ್ಲಿ ನಪುಂಸಕಲಿಂಗ.

‘ಕರುಣೆ’ ಇನ್ನೊಂದು. ಹೀಬ್ರೂವಿನಲ್ಲಿ ಕರುಣೆಗೆ ಬಳಸುವ ರಹಮೀಮ್ ಎಂಬ ಪದಕ್ಕೂ ಗರ್ಭಕೋಶ ಎಂಬ ಅರ್ಥದ ರೆಹೆಮ್ ಎಂಬ ಪದಕ್ಕೂ ಬೇರು ಒಂದೇ. ಸುವಾರ್ತೆಗಳಲ್ಲಿ ಯೇಸು ಜನರ ಗುಂಪನ್ನು ನೋಡಿ ಕನಿಕರಪಟ್ಟನು ಎನ್ನುವಲ್ಲಿ ಗ್ರೀಕ್ ಮಾತಿನ ಬುಡದಲ್ಲಿರುವುದು ಒಳಗಿನ ಕರುಳು. ಜೆ.ವಿ. ಬಹುತೇಕ ‘ಕನಿಕರ’ ಎನ್ನುತ್ತದೆ. ಒಳ್ಳೆಯ ಪದ, ಆದರೆ ತಣ್ಣಗಿನ ಪದ. ಕನ್ನಡದಲ್ಲಿ ‘ಹೆತ್ತ ಕರುಳು’ ಇದೆ, ‘ಕರುಳ ಬಳ್ಳಿ’ ಇದೆ, ‘ಕರುಳು ಚುರುಕ್ ಎಂದಿತು’ ಇದೆ. ಮೂಲದ ದೇಹಭಾಷೆಗೆ ಇಷ್ಟು ಹತ್ತಿರದ ನುಡಿಗಟ್ಟು ಎಷ್ಟು ಭಾಷೆಗಳಿಗಿದ್ದೀತು! ಲೂಕ 15:20ರಲ್ಲಿ ಮನೆ ಬಿಟ್ಟುಹೋಗಿದ್ದ ಕಿರಿಯ ಮಗ ದೂರದಲ್ಲಿರುವಾಗಲೇ ತಂದೆ ಕನಿಕರಪಟ್ಟು ಓಡಿಬಂದ ಎಂಬಲ್ಲಿ ಒಮ್ಮೆ ‘ಕರುಳು ಚುರುಕ್ಕೆಂದು’ ಎಂದು ಮನಸ್ಸಿನಲ್ಲೇ ಬದಲಿಸಿ ಓದಿ ನೋಡಿ.

ಅದೇ ಅಧ್ಯಾಯದಲ್ಲಿ ‘ಪಾವಲಿ’ಯ ತೊಡಕಿದೆ. ಒಬ್ಬ ಹೆಂಗಸಿನ ಬಳಿ ಹತ್ತು ಪಾವಲಿ ಇದ್ದವು, ಒಂದು ಹೋಯಿತು, ದೀಪ ಹಚ್ಚಿ ಮನೆ ಗುಡಿಸಿ ಹುಡುಕಿದಳು. ಪಾವಲಿ ಅಂದರೆ ನಾಲ್ಕಾಣೆ, ಕಾಲು ರೂಪಾಯಿ. ಅನುವಾದ ಆದ ಕಾಲದಲ್ಲಿ ಅದಕ್ಕೆ ಬೆಲೆಯಿತ್ತು, ಜೆ.ವಿ.ಯ ಮತ್ತಾಯ 20ರಲ್ಲಿ ದ್ರಾಕ್ಷೇತೋಟದ ಆಳಿನ ದಿನಗೂಲಿಯೂ ಒಂದು ಪಾವಲಿಯೇ. 25 ಪೈಸೆ ನಾಣ್ಯದ ಚಲಾವಣೆ 2011ರಲ್ಲೇ ನಿಂತಿದೆ. ಈಗಿನ ಓದುಗರಿಗೆ ಅನಿಸುವುದು, ನಾಲ್ಕಾಣೆಗೆ ಇಷ್ಟು ಗದ್ದಲವೇ ಎಂದು. ಕಥೆಯ ತೂಕವೇ ಕೆಟ್ಟಿತು. ಕಳೆದದ್ದು ಒಂದು ದಿನದ ದುಡಿಮೆ. ಹೊಸ ಅನುವಾದಗಳು ‘ಬೆಳ್ಳಿ ನಾಣ್ಯ’ ಎನ್ನುವುದು ಇಲ್ಲಿ ಮೇಲು. ಇನ್ನೊಂದು ವಿಷಯ: ಕುರಿ ಹುಡುಕುವ ಕುರುಬ, ಮಗನಿಗಾಗಿ ಓಡುವ ತಂದೆ, ಈ ಇಬ್ಬರ ನಡುವೆ ಪೊರಕೆ ಹಿಡಿದ ಹೆಂಗಸು ಇದ್ದಾಳೆ. ಮೂರೂ ದೇವರ ಹುಡುಕಾಟದ ಹೋಲಿಕೆಗಳೇ. ಚರ್ಚಿನ ಪ್ರಸಂಗಗಳಲ್ಲಿ ಮೊದಲನೆಯದೂ ಮೂರನೆಯದೂ ನೂರು ಸಾರಿ ಕೇಳಸಿಗುತ್ತವೆ. ನಡುವಿನದು ಸಿಗುವುದು ಅಪರೂಪ.

‘ಕುರುಬ’ ಎಂಬ ಪದವೂ ಮಾತಿಗೆ ತಕ್ಕದ್ದು. “ನಾನೇ ಒಳ್ಳೇ ಕುರುಬನು” ಎಂದು ಜೆ.ವಿ. ಬರೆದಾಗ ಅದು ಒಂದು ಕಸುಬಿನ ಹೆಸರೂ ಆಗಿತ್ತು, ಒಂದು ಜಾತಿಯ ಹೆಸರೂ ಆಗಿತ್ತು. ಮೇಲುಕೀಳಿನ ಲೆಕ್ಕ ಇಟ್ಟ ಸಮಾಜದಲ್ಲಿ ದೇವರ ಬಾಯಲ್ಲಿ ಆ ಪದ ಇಟ್ಟದ್ದು ಸಣ್ಣ ಮಾತಲ್ಲ. ಸಿ.ಎಲ್. ‘ಕುರಿಗಾಹಿ’ ಎನ್ನುತ್ತದೆ, ಕಸುಬು ಸ್ಪಷ್ಟವಾಗುತ್ತದೆ, ಆ ಇರಿತ ಹೋಗುತ್ತದೆ. ಬೇಸಿಗೆಯಲ್ಲಿ ಹೊಲಗಳಲ್ಲಿ ಮಂದೆ ತರುಬುವ, ಈಗಷ್ಟೇ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಹೊತ್ತು ನಡೆಯುವ ಬಯಲುಸೀಮೆಯ ಕುರುಬರನ್ನು ಕಂಡವರಿಗೆ ಯೆಶಾಯ 40:11 ಬೇರೆ ವ್ಯಾಖ್ಯಾನ ಕೇಳುವುದಿಲ್ಲ: ಮರಿಗಳನ್ನು ಎದೆಗಪ್ಪಿಕೊಂಡು, ಹಾಲೂಡಿಸುವ ಕುರಿಗಳನ್ನು ಮೆಲ್ಲನೆ ನಡೆಸುವವನು.

ಜೆ.ವಿ. ಪೂರ್ಣ ಅಂಕ ಪಡೆಯುವ ಜಾಗ ಮತ್ತಾಯ 23:37. “ಕೋಳಿ ತನ್ನ ಮರಿಗಳನ್ನು ರೆಕ್ಕೆಗಳ ಕೆಳಗೆ ಕೂಡಿಸಿಕೊಳ್ಳುವಂತೆ” ಕೂಡಿಸಿಕೊಳ್ಳಲು ‘ನನಗೆ ಎಷ್ಟೋ ಸಾರಿ ಮನಸ್ಸಿತ್ತು’, ಆದರೆ ‘ನಿಮಗೆ ಮನಸ್ಸಿಲ್ಲದೆ ಹೋಯಿತು’. ಗ್ರೀಕಿನಲ್ಲೂ ಎರಡು ಕಡೆ ಒಂದೇ ಕ್ರಿಯಾಪದ. ಕನ್ನಡ ‘ಮನಸ್ಸು’ ಎಂಬ ಒಂದೇ ಪದದಲ್ಲಿ ಎರಡನ್ನೂ ಹಿಡಿದಿದೆ. ಈ ಮಾತು ಲೂಕ 13:34ರಲ್ಲೂ ಇದೆ. ಅಲ್ಲಿ ಎರಡು ವಚನ ಹಿಂದೆ ಹೋಗಿ ಓದಬೇಕು. ಯೇಸು ಅರಸ ಹೆರೋದನನ್ನು ‘ನರಿ’ ಎಂದು ಕರೆದಿರುತ್ತಾನೆ. ನರಿಯ ಹೆಸರೆತ್ತಿದ ಮೇಲೆ ತನ್ನನ್ನು ಸಿಂಹಕ್ಕೆ ಹೋಲಿಸಿಕೊಳ್ಳದೆ ಕೋಳಿಗೆ ಹೋಲಿಸಿಕೊಳ್ಳುತ್ತಾನೆ. ನರಿ ಬಂದಾಗ ಕೋಳಿಯ ಬಳಿ ಇರುವುದು ತನ್ನ ಮೈ ಮಾತ್ರ. ಅಂಗಳದಲ್ಲಿ ಹದ್ದಿನ ನೆರಳು ಬಿದ್ದೊಡನೆ ತಾಯಿಕೋಳಿ ದನಿ ಬದಲಿಸುವುದನ್ನೂ ಮರಿಗಳು ಅದರ ಹೊಟ್ಟೆಯಡಿ ನುಗ್ಗುವುದನ್ನೂ ನೋಡಿದವರಿಗೆ, ಈ ಹೋಲಿಕೆಯ ಬಿಸುಪು ಗೊತ್ತು.

ಒಳಗೊಳ್ಳುವ ಪ್ರೀತಿಯ ವಿಷಯಕ್ಕೆ ಬಂದರೆ ಎರಡು ವಾಕ್ಯಭಾಗಗಳು ಒಂದಕ್ಕೊಂದು ಕೈಕೊಡಬೇಕು. ಯೆಶಾಯ 56ರಲ್ಲಿ ‘ನಾನು ಒಣಮರ’ ಎಂದು ಕೊರಗುವ ನಪುಂಸಕನಿಗೆ ದೇವರು ತನ್ನ ಆಲಯದೊಳಗೇ ಹೆಸರನ್ನೂ ಸ್ಥಾನವನ್ನೂ ಕೊಡುತ್ತೇನೆನ್ನುತ್ತಾನೆ, ಹೊರಗಿನವನೆಂದು ಹೆದರುವ ಪರದೇಶದವನನ್ನು ಅದೇ ಆಲಯಕ್ಕೆ ಬರಮಾಡಿಕೊಳ್ಳುತ್ತೇನೆನ್ನುತ್ತಾನೆ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ನಪುಂಸಕನಾದ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಓದುತ್ತಿರುವುದು ಯೆಶಾಯ 53. ಮೂರೇ ಅಧ್ಯಾಯ ಮುಂದೆ ಹೋದರೆ ಅವನಿಗೆ ಅವನದೇ ಪುಟ ಸಿಗುತ್ತದೆ. ಕನ್ನಡದಲ್ಲಿ ಈ ಸಂಬಂಧ ಕಾಣುವುದಿಲ್ಲ. ಏಕೆಂದರೆ ಜೆ.ವಿ. ಅವನನ್ನು ‘ಕಂಚುಕಿ’ ಎನ್ನುತ್ತದೆ. ಸಂಸ್ಕೃತ ನಾಟಕದ ಅಂತಃಪುರದಿಂದ ತಂದ ಮರ್ಯಾದೆಯ ಮಾತು, ಆದರೆ ಅವನ ದೇಹದ ಕಾರಣಕ್ಕೆ ಸಭೆಯ ಹೊರಗಿಟ್ಟಿದ್ದ ನೋವು ಅದರಲ್ಲಿ ಮುಚ್ಚಿಹೋಗುತ್ತದೆ. ದೇಹದ ಕಾರಣಕ್ಕೆ, ಲಿಂಗದ ಕಾರಣಕ್ಕೆ ಬಾಗಿಲಲ್ಲಿ ನಿಲ್ಲಿಸಲ್ಪಟ್ಟವರಿಗೆ ಈ ಪುಸ್ತಕ ಕೊಡುವವರು ಎರಡು ಪುಟಗಳಿಗೂ ಒಂದೊಂದು ಗುರುತಿನ ದಾರ ಇಟ್ಟು ಕೊಡಿ. “ನನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನು?” ಎಂಬುದು ಅವನ ಪ್ರಶ್ನೆ; ದಾರಿಯಲ್ಲಿ ಜೊತೆಯಾದ ಸುವಾರ್ತೆ ಸಾರುವ ಫಿಲಿಪ್ಪ ಅವನೊಡನೆ ನೀರಿಗಿಳಿಯುತ್ತಾನೆ.

ಹೋಶೇಯ 11:4ರಲ್ಲಿ ಮಾತ್ರ ಯಾವ ಅನುವಾದವನ್ನೂ ದೂರಲಾಗದು. ಹೀಬ್ರೂ ವ್ಯಂಜನಗಳನ್ನು ಒಂದು ಸ್ವರ ಹಾಕಿ ಓದಿದರೆ ‘ನೊಗ’, ಇನ್ನೊಂದು ಸ್ವರ ಹಾಕಿ ಓದಿದರೆ ‘ಹಸುಗೂಸು’. ಒಂದರಲ್ಲಿ ದೇವರು ಎತ್ತಿನ ನೊಗ ಸಡಿಲಿಸುವ ಒಳ್ಳೆಯ ರೈತ, ಇನ್ನೊಂದರಲ್ಲಿ ಕೂಸನ್ನೆತ್ತಿ ಕೆನ್ನೆಗೊತ್ತಿಕೊಳ್ಳುವವರು. ಹಿಂದಿನ ವಚನದಲ್ಲಿ ನಡೆಯಲು ಕಲಿಸುವ ಮಾತು ಇರುವುದರಿಂದ ನನಗೆ ಎರಡನೆಯದೇ ಒಪ್ಪುತ್ತದೆ. ನಿಮ್ಮ ಪ್ರತಿಯಲ್ಲಿ ಯಾವುದಿದೆ ನೋಡಿ, ಇನ್ನೊಂದನ್ನು ಅಂಚಿನಲ್ಲಿ ಬರೆದುಕೊಳ್ಳಿ.

ಬಳಕೆಯಲ್ಲಿ ಕೆಡುವುದು ಹೇಗೆ? ಮುಖ್ಯವಾಗಿ ಗೋಡೆಯ ಕ್ಯಾಲೆಂಡರಿನಿಂದ. ಹೊಸವರ್ಷದ ವಾಗ್ದಾನದ ಚೀಟಿಗಳಲ್ಲಿ ಯೆಶಾಯ 49:15 ಒಂಟಿಯಾಗಿ ಬರುತ್ತದೆ, ಎಷ್ಟೋ ಸಾರಿ ‘ನಾನಾದರೆ ನಿನ್ನನ್ನು ಮರೆಯೆ’ ಎಂಬ ತುಂಡು ಮಾತ್ರ. ಅದರ ಹಿಂದಿನ 14ನೆಯ ವಚನ ದೂರು: ಯೆಹೋವನು ನನ್ನನ್ನು ತೊರೆದುಬಿಟ್ಟಿದ್ದಾನೆ, ಮರೆತಿದ್ದಾನೆ ಎಂದು ಚೀಯೋನ್, ಅಂದರೆ ಹೆಣ್ಣಾಗಿ ಕಲ್ಪಿಸಿದ ಯೆರೂಸಲೇಮ್ ನಗರ, ಅಳುತ್ತಾಳೆ. 15ನೆಯದು ಆ ದೂರಿಗೆ ಉತ್ತರ. ದೂರು ಕತ್ತರಿಸಿದರೆ ಉತ್ತರ ಘೋಷಣೆಯಾಗುತ್ತದೆ. ದೂರುವ ಹಕ್ಕು ತನಗಿಲ್ಲವೆಂದು ನೊಂದವರು ಅಂದುಕೊಳ್ಳುತ್ತಾರೆ. 16ನೆಯದನ್ನೂ ಬಿಡಬೇಡಿ, ಅಂಗೈಗಳಲ್ಲಿ ನಿನ್ನನ್ನು ಬರೆದುಕೊಂಡಿದ್ದೇನೆ ಎಂಬ ಮಾತು. ಮುಂಗೈಯಲ್ಲಿ ಹಚ್ಚೆ ಹಾಕಿಸಿಕೊಂಡ ಅಜ್ಜಿಯರಿರುವ ನಾಡಿನಲ್ಲಿ ಅದಕ್ಕೆ ವಿವರಣೆ ಬೇಡ.

ಇನ್ನೊಂದು ಎಚ್ಚರ. ತಾಯಿ ಬಿಟ್ಟುಹೋದವರಿಗೆ, ತಾಯಿಯಿಂದಲೇ ಪೆಟ್ಟು ತಿಂದವರಿಗೆ ‘ದೇವರು ತಾಯಿಯ ಹಾಗೆ’ ಎಂದರೆ ಗಾಯದ ಮೇಲೆ ಕೈಯಿಟ್ಟ ಹಾಗೆ. ಅಂಥವರ ಮುಂದೆ ಹೋಲಿಕೆಯನ್ನು ಒತ್ತಬೇಡಿ, ‘ಮರೆತಾಳು’ ಎಂಬ ಪದವನ್ನು ತೋರಿಸಿ. ಹಾಗಾಗಬಹುದೆಂದು ಗ್ರಂಥವೇ ಒಪ್ಪಿಕೊಂಡಿದೆ. ಜೊತೆಗೆ ಕೀರ್ತನೆ 27:10. ತಂದೆತಾಯಿ ತೊರೆದರೂ ಸೇರಿಸಿಕೊಳ್ಳುವವನಿದ್ದಾನೆ ಎಂಬುದು ಅಲ್ಲಿಯ ಮಾತು.

ದೇವರನ್ನು ತಾಯಿ ಎಂದರೆ ತಪ್ಪಲ್ಲವೇ ಎಂಬ ಅಳುಕು ಸಭೆಗಳಲ್ಲಿ ಇದ್ದೇ ಇದೆ. ಬೈಬಲ್ ಪ್ರಾರ್ಥನೆಯಲ್ಲಿ ‘ತಂದೆಯೇ’ ಎಂದು ಕರೆಯಲು ಕಲಿಸುತ್ತದೆ, ಹೋಲಿಕೆಯಲ್ಲಿ ತಾಯಿಯನ್ನು ಮತ್ತೆ ಮತ್ತೆ ತರುತ್ತದೆ. ಎರಡನ್ನೂ ಹಾಗೆಯೇ ಇಟ್ಟುಕೊಂಡರೆ ಗೊಂದಲವಿಲ್ಲ. ಪೋಪ್ ಒಂದನೆಯ ಜಾನ್ ಪೌಲ್ 1978ರ ಸೆಪ್ಟೆಂಬರ್ 10ರಂದು ಇದೇ ಯೆಶಾಯನ ವಚನ ಹಿಡಿದು, ದೇವರು ನಮಗೆ ತಂದೆ, ಅದಕ್ಕಿಂತ ಹೆಚ್ಚಾಗಿ ತಾಯಿ ಎಂದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 239ನೆಯ ಕಲಂ ಕೂಡ ತಾಯ್ತನದ ರೂಪಕವನ್ನು ಒಪ್ಪಿ, ದೇವರು ಗಂಡು ಹೆಣ್ಣೆಂಬ ಭೇದವನ್ನು ಮೀರಿದವರು ಎನ್ನುತ್ತದೆ.

ಪುಸ್ತಕ ಕೊಂಡವರು ಎಲ್ಲಿಂದ ಶುರುಮಾಡಬೇಕು? ಮೊದಲ ಪುಟದಿಂದ ಖಂಡಿತ ಬೇಡ, ಯಾಜಕಕಾಂಡದಲ್ಲಿ ನಿಂತುಹೋಗುತ್ತೀರಿ. ಏಳು ಭಾಗ ಆರಿಸಿಕೊಳ್ಳಿ: ಆದಿಕಾಂಡ 21:8–21, ಧರ್ಮೋಪದೇಶಕಾಂಡ 32:10–18, ಕೀರ್ತನೆ 131, ಯೆಶಾಯ 49:13–16, ಹೋಶೇಯ 11:1–9, ಲೂಕ 15 ಪೂರ್ತಿ, ಕೊನೆಗೆ ಕೃತ್ಯಗಳು 8:26–40ನ್ನು ಯೆಶಾಯ 56:1–8ರ ಜೊತೆ. ಒಂದೊಂದನ್ನು ಎರಡೆರಡು ದಿನ ಓದಿ, ಮೊದಲ ದಿನ ಸಿ.ಎಲ್.ನಲ್ಲಿ ಮನಸ್ಸಿನಲ್ಲೇ, ಮರುದಿನ ಜೆ.ವಿ.ಯಲ್ಲಿ ಗಟ್ಟಿಯಾಗಿ. ಹದಿನಾಲ್ಕು ದಿನ, ದಿನಕ್ಕೆ ಹತ್ತು ನಿಮಿಷ ಸಾಕು. ಲೂಕ 15ಕ್ಕೆ ಹದಿನೈದು ಬೇಕಾದೀತು. ಸಿ.ಎಲ್.ನಲ್ಲಿ ಕೆಲವು ಗ್ರಂಥಗಳ ಹೆಸರು ಬೇರೆ. ಕೃತ್ಯಗಳನ್ನು ‘ಪ್ರೇಷಿತರ ಕಾರ್ಯಕಲಾಪಗಳು’ ಎಂದು ಹುಡುಕಿ. ಆದಿಕಾಂಡದ ಭಾಗ ಮೊದಲಿಗಿಟ್ಟದ್ದು ಬೇಕೆಂದೇ. ಹಾಗರಳು ಐಗುಪ್ತದ (ಈಜಿಪ್ಟಿನ) ದಾಸಿ, ಅಬ್ರಹಾಮನ ಮನೆಯಿಂದ ಹೊರಹಾಕಿಸಿಕೊಂಡವಳು. ಮಗ ಸಾಯುವುದನ್ನು ನೋಡಲಾರದೆ ಬಾಣ ಬೀಳುವಷ್ಟು ದೂರ ಹೋಗಿ ಕೂತಿದ್ದಾಳೆ. ಅಲ್ಲಿ ದೇವರು ಕೇಳಿಸಿಕೊಂಡದ್ದು ಹುಡುಗನ ದನಿಯನ್ನು.

ಮೂರೇ ವಚನದ 131ನೆಯ ಕೀರ್ತನೆಯನ್ನು ತಪ್ಪಾಗಿ ಓದುವವರೇ ಹೆಚ್ಚು. ಅಲ್ಲಿರುವುದು ಹಾಲು ಕುಡಿಯುವ ಕೂಸಲ್ಲ, ಮೊಲೆ ಬಿಡಿಸಿದ ಕೂಸು. ಆ ಕಾಲದಲ್ಲಿ ಮೊಲೆ ಬಿಡಿಸುತ್ತಿದ್ದದ್ದು ಸುಮಾರು ಮೂರು ವರ್ಷಕ್ಕೆ. ಮಕ್ಕಬಿಯರ ಎರಡನೆಯ ಗ್ರಂಥದ 7:27ರಲ್ಲಿ ಒಬ್ಬ ತಾಯಿ ಮಗನಿಗೆ ಮೂರು ವರ್ಷ ಹಾಲೂಡಿಸಿದೆನೆಂದು ಹೇಳುತ್ತಾಳೆ. 73 ಗ್ರಂಥಗಳ ಪ್ರತಿ ಬೇಕೆಂದದ್ದು ಇಂಥದ್ದಕ್ಕೇ. ಬೇವಿನ ಕಹಿ ಹಚ್ಚಿ ಮೊಲೆ ಬಿಡಿಸಿದ ಮನೆಗಳಲ್ಲಿ ಗೊತ್ತಿರುವ ಸಂಗತಿ ಇದು: ಕೆಲವು ದಿನದ ರಂಪದ ನಂತರ ಮಗು ಮತ್ತೆ ಅದೇ ತೊಡೆಯೇರುತ್ತದೆ. ಈಗ ಅದಕ್ಕೆ ಬೇಕಾದದ್ದು ಹಾಲಲ್ಲ, ಅಮ್ಮ. ಕೇಳಿದ್ದು ಸಿಗದ ಮೇಲೂ ಬಳಿಯಲ್ಲೇ ಕೂತಿರುವ ನಂಬಿಕೆಗೆ ಇದಕ್ಕಿಂತ ಖಚಿತವಾದ ಚಿತ್ರ ಇಡೀ ಕೀರ್ತನೆಗಳ ಗ್ರಂಥದಲ್ಲಿ ನನಗೆ ಕಂಡಿಲ್ಲ.

ಇನ್ನು ಪುಸ್ತಕದ ಮೈಕಟ್ಟು. ಕನ್ನಡ ಬೈಬಲಿಗೆ ಇಂಗ್ಲಿಷಿಗಿಲ್ಲದ ತೊಂದರೆ ಒಂದಿದೆ, ಒತ್ತಕ್ಷರ. ಚಿಕ್ಕ ಪ್ರತಿಗಳಲ್ಲಿ ಸಾಲುಗಳ ನಡುವೆ ಜಾಗ ಸಾಲದೆ ಒತ್ತುಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ. ಅಂಗಡಿಯಲ್ಲಿ ‘ನಿನ್ನನ್ನು’, ‘ಸ್ತ್ರೀ’ ಎಂಬ ಪದಗಳಿರುವ ಸಾಲು ಹುಡುಕಿ, ಒಂದು ಮೊಳ ದೂರ ಹಿಡಿದು ಓದಿ. ಒತ್ತು ಕಪ್ಪು ಚುಕ್ಕೆಯಾಗಿ ಕಂಡರೆ ಆ ಪ್ರತಿ ನಾಲ್ವತ್ತು ದಾಟಿದವರಿಗಲ್ಲ. ಕಾಗದ ತೆಳು, ಪುಟವನ್ನು ಬೆಳಕಿಗೆ ಹಿಡಿದು ಹಿಂಬದಿಯ ಅಚ್ಚು ಎಷ್ಟು ಕಾಣುತ್ತದೆ ನೋಡಿ. ಪುಟಸಂಖ್ಯೆಗಳನ್ನು ಸರಸರನೆ ತಿರುವಿ ಪರೀಕ್ಷಿಸಿ. ಬೈಂಡಿಂಗಿನಲ್ಲಿ ಒಂದು ಫಾರಂ ತಪ್ಪಿದರೆ ಹದಿನಾರೋ ಮೂವತ್ತೆರಡೋ ಪುಟ ಒಟ್ಟಿಗೆ ಮಾಯವಾಗಿರುತ್ತವೆ, ತಿಳಿಯುವುದು ವರ್ಷವಾದ ಮೇಲೆ. ಜೆಲ್ ಪೆನ್ನು ಹಿಂದಿನ ಪುಟಕ್ಕೆ ಇಳಿಯುತ್ತದೆ, ಪೆನ್ಸಿಲ್ ಸಾಕು.

ಫೋನಿನಲ್ಲಿ ಯೂವರ್ಷನ್ ಆ್ಯಪ್ ಉಚಿತ, ಎರಡೂ ಅನುವಾದ ಸಿಗುತ್ತವೆ. ವಚನದ ಮೇಲೆ ಬೆರಳಿಟ್ಟು ಹೋಲಿಕೆ ಆರಿಸಿದರೆ ಎರಡೂ ಒಂದರ ಕೆಳಗೊಂದು ಬರುತ್ತವೆ. ಈ ಬರಹದ ಪದಪರೀಕ್ಷೆಗೆ ಅಷ್ಟೇ ಬೇಕು. ಕೊರತೆ ಎಂದರೆ ಅದು ದಿನಕ್ಕೊಂದು ವಚನವನ್ನು ಚಿತ್ರದ ಮೇಲೆ ಅಂಟಿಸಿ ಕಳಿಸುವುದು. ಗೋಡೆಯ ಕ್ಯಾಲೆಂಡರಿನ ರೋಗವೇ. ಆ ಸೂಚನೆಯನ್ನು ನಿಲ್ಲಿಸಿಬಿಡಿ.

ಜಿಪ್ ಇರುವ ರಟ್ಟು ಚೆನ್ನಾಗಿ ಕಾಣುತ್ತದೆ, ಬಸ್ಸಿನಲ್ಲಿ ಒಯ್ಯಲು ಅನುಕೂಲ. ಆದರೆ ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದಲ್ಲಿ ಜಿಪ್ ಎಳೆದು ಇಟ್ಟರೆ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಪ್ ತೆಗೆದೇ ಇಡಿ, ಬಿಸಿಲು ಕಂಡ ದಿನ ಪುಟ ಬಿಡಿಸಿ ಗಾಳಿಗೆ ನಿಲ್ಲಿಸಿ. ಹೊಸ ಪ್ರತಿಯನ್ನು ನಡುವಿಗೆ ಒಮ್ಮೆಲೇ ಅಗಲಿಸಬೇಡಿ. ಮುಂದಿನಿಂದ ಹತ್ತು ಪುಟ, ಹಿಂದಿನಿಂದ ಹತ್ತು ಪುಟ ಎಂದು ಒತ್ತುತ್ತ ನಡುವಿಗೆ ಬನ್ನಿ. ಹೊಲಿಗೆ ಮೊದಲು ಸಡಿಲವಾಗುವುದು ಕೀರ್ತನೆಗಳ ಬಳಿ, ಅಲ್ಲಿಗೆ ಕೈ ಹೋಗುವುದು ಹೆಚ್ಚು. ಸಡಿಲವಾದಾಗ ಟೇಪು ಅಂಟಿಸದೆ ಬೈಂಡಿಂಗಿನವರಿಗೆ ಕೊಡಿ, ಕೊಡುವ ಮುಂಚೆ ಅಂಚನ್ನು ಕತ್ತರಿಸಬೇಡಿರೆಂದು ಹೇಳಿ. ಪೆನ್ಸಿಲಿನಲ್ಲಿ ಬರೆದ ‘ಮರೆಯುವುದಿಲ್ಲ’ ಇರುವುದು ಆ ಅಂಚಿನಲ್ಲೇ.